ಹೆಸರು ಮಾರಾಟಕ್ಕಿದೆ

1999ರ ನವೆಂಬರ್‌ನಲ್ಲಿ ನಡೆದ ಒಂದು ವ್ಯವಹಾರ ಭಾರತದ ಇಂಟರ್ನೆಟ್ ವಲಯವನ್ನೇ ಬೆರಗುಗೊಳಿಸಿತು. ಸತ್ಯಂ ಇನ್ಫೋವೇ ಎಂಬ ಕಂಪನಿ, ಮುಂಬೈನ ರಾಜೇಶ್ ಜೈನ್ ಕಟ್ಟಿ ಬೆಳೆಸಿದ್ದ ಇಂಡಿಯಾವರ್ಲ್ಡ್ ಸಂಸ್ಥೆಯನ್ನು 499 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆ ಸಂಸ್ಥೆಯ ಬತ್ತಳಿಕೆಯಲ್ಲಿದ್ದ ಮುಖ್ಯ ತಾಣಗಳ ಹೆಸರು ಸಮಾಚಾರ್, ಖೇಲ್, ಖೋಜ್, ಬಾವರ್ಚಿ. ಎಲ್ಲವೂ ಮನೆಮಾತಿನ ಹಿಂದಿ ಪದಗಳು, ಎಲ್ಲದರ ಬಾಲಕ್ಕೂ ಡಾಟ್ ಕಾಮ್. ನಾಲ್ಕು ಸಾಧಾರಣ ಪದ ಹಿಡಿದಿಟ್ಟವನಿಗೆ ಕೋಟಿ ಕೋಟಿ ಬಂತು ಎಂದು ಊರೂರಲ್ಲಿ ಮಾತಾಯಿತು. ಡೊಮೈನ್ ಹೆಸರು ಕೊಂಡಿಟ್ಟು ಲಾಭ ಮಾಡಬೇಕೆಂಬ ಆಸೆ ನಮ್ಮ ದೇಶದಲ್ಲಿ ಚಿಗುರಿದ ಕಾಲ ಅದು.

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಇಂಡಿಯಾವರ್ಲ್ಡ್ ಶುರುವಾದದ್ದು 1995ರಲ್ಲಿ. ಊರಿನ ಸುದ್ದಿಗೆ, ಕ್ರಿಕೆಟ್ ಸ್ಕೋರಿಗೆ, ಅಡುಗೆಯ ವಿಧಾನಕ್ಕೆ ಹಂಬಲಿಸುತ್ತಿದ್ದ ಪರದೇಶದ ಭಾರತೀಯರು ವರ್ಷಗಟ್ಟಲೆ ಅಲ್ಲಿಗೆ ಬಂದುಹೋಗುತ್ತಿದ್ದರು. ಸತ್ಯಂ ಇನ್ಫೋವೇ ದುಡ್ಡು ಸುರಿದದ್ದು ಆ ಓದುಗರಿಗಾಗಿ. ಹೆಸರು ಅವರನ್ನು ಕರೆತಂದ ಬಾಗಿಲು ಮಾತ್ರ. ಈ ವ್ಯತ್ಯಾಸ ತಿಳಿಯದೆ ಹೆಸರಿಗೆ ಕೈಹಾಕಿದವರೇ ಇಂದಿಗೂ ಹೆಚ್ಚಾಗಿ ಕೈಸುಟ್ಟುಕೊಳ್ಳುತ್ತಿರುವುದು.

ಅದೇ ಸತ್ಯಂ ಇನ್ಫೋವೇ ಕೆಲವೇ ವರ್ಷಗಳಲ್ಲಿ ತನ್ನ ಹೆಸರಿನ ಸಲುವಾಗಿ ಬೆಂಗಳೂರಿನ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಸತ್ಯಂ ಮತ್ತು ಇನ್ಫೋವೇ ಎರಡರಿಂದಲೂ ಅಕ್ಷರ ಹೆಕ್ಕಿ ಅದು ‘ಸಿಫಿ’ ಎಂಬ ಹೊಸ ಪದ ಕಟ್ಟಿತ್ತು. ಸಿಫಿನೆಟ್, ಸಿಫಿಮಾಲ್ ಮುಂತಾದ ಡೊಮೈನ್‌ಗಳನ್ನು 1999ರಲ್ಲೇ ನೋಂದಾಯಿಸಿತ್ತು. 2001ರಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ, ‘ಎಫ್’ ಅಕ್ಷರವನ್ನು ಎರಡು ಸಲ ಬರೆದು, ಹೆಚ್ಚುಕಡಿಮೆ ಅದೇ ಹೆಸರನ್ನು ನೋಂದಾಯಿಸಿಕೊಂಡಿತು. ತನ್ನ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದಾಗ ಈ ಪದ ಬಂತೆಂಬುದು ಅದರ ವಾದ. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವು ಮಾಡಿತು, ಪ್ರಕರಣ ದಿಲ್ಲಿಗೆ ಹೋಯಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಸಿಫಿಯ ಪರ ತೀರ್ಪಿತ್ತಿತು. ಐವರ ಅಕ್ಷರದ ಕಥೆಯನ್ನು ಅದು ನಂಬಲಿಲ್ಲ. ಡೊಮೈನ್ ಹೆಸರು ಬರೀ ವಿಳಾಸವಲ್ಲ, ಟ್ರೇಡ್‌ಮಾರ್ಕಿನ ಗುಣಗಳೆಲ್ಲ ಅದಕ್ಕೂ ಬರಬಹುದು, ಒಬ್ಬರ ಸರಕನ್ನು ಇನ್ನೊಬ್ಬರದೆಂದು ದಾಟಿಸುವ ವಂಚನೆಗೆ ಅನ್ವಯಿಸುವ ಕಾನೂನು ಇಲ್ಲಿಗೂ ಅನ್ವಯಿಸುತ್ತದೆ ಎಂದು ಅದು ಹೇಳಿತು. ಡೊಮೈನ್ ವಿವಾದ ಭಾರತದ ಯಾವ ಕೋರ್ಟಿನಲ್ಲಿ ಎದ್ದರೂ ವಕೀಲರು ಇವತ್ತಿಗೂ ಮೊದಲು ತೆಗೆಯುವ ತೀರ್ಪು ಬೆಂಗಳೂರಿನಿಂದ ಹೊರಟ ಇದೇ ಪ್ರಕರಣದ್ದು.

ಅಷ್ಟಕ್ಕೂ ಕೊಳ್ಳುವವರು ಕೊಳ್ಳುವುದು ಏನನ್ನು? ಇಂಟರ್ನೆಟ್ಟಿನಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಗಳ ವಿಳಾಸವಿದೆ. ಅಂಕಿ ಮನುಷ್ಯರ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ಹೆಸರು ಅಂಟಿಸಿ, ಯಾವ ಹೆಸರು ಯಾವ ಅಂಕಿಗೆ ಎಂಬ ದೊಡ್ಡ ಪಟ್ಟಿಯನ್ನು ಜಗತ್ತಿನಾದ್ಯಂತ ಇಟ್ಟುಕೊಂಡಿದ್ದಾರೆ. ಡಾಟ್ ಕಾಮ್ ಪಟ್ಟಿಯನ್ನು ನೋಡಿಕೊಳ್ಳುವುದು ಅಮೆರಿಕದ ವೆರಿಸೈನ್ ಕಂಪನಿ, ನಮ್ಮ ಡಾಟ್ ಇನ್ ಪಟ್ಟಿಯನ್ನು ದಿಲ್ಲಿಯ ನಿಕ್ಸಿ ಸಂಸ್ಥೆ. ಎಲ್ಲಕ್ಕೂ ಮೇಲೆ 1998ರಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆಯಿದೆ. ಗ್ರಾಹಕ ನೇರವಾಗಿ ಇವರ ಬಳಿ ಹೋಗುವುದಿಲ್ಲ. ರಿಜಿಸ್ಟ್ರಾರ್ ಎಂಬ ಚಿಲ್ಲರೆ ಮಾರಾಟಗಾರರಲ್ಲಿ ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಹೆಸರು ಪಡೆಯುತ್ತಾನೆ. ಯಾರೂ ಡೊಮೈನಿನ ಶಾಶ್ವತ ಒಡೆಯರಲ್ಲ. ಲಾವಣಿಗೆ ಹಿಡಿದ ಹೊಲದಂತೆ, ಅವಧಿ ಮುಗಿಯುವುದರೊಳಗೆ ಹಣ ಕಟ್ಟಿ ಮುಂದುವರಿಸಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲಾಗುತ್ತದೆ.

ಮೊದಲ ಡಾಟ್ ಕಾಮ್ ಹೆಸರು ಸಿಂಬಾಲಿಕ್ಸ್, ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಹತ್ತು ವರ್ಷ ಹೆಸರುಗಳಿಗೆ ಶುಲ್ಕವೇ ಇರಲಿಲ್ಲ. 1995ರ ಸೆಪ್ಟೆಂಬರಿನಿಂದ ಎರಡು ವರ್ಷಕ್ಕೆ 100 ಡಾಲರ್ ಕಟ್ಟಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು ಜೋಶುವಾ ಕ್ವಿಟ್ನರ್ ಎಂಬ ಅಮೆರಿಕದ ಪತ್ರಕರ್ತ ಮೆಕ್‌ಡೊನಾಲ್ಡ್ಸ್ ಕಂಪನಿಯ ಹೆಸರನ್ನೇ ತಾನು ನೋಂದಾಯಿಸಿ, ದೊಡ್ಡ ಕಂಪನಿಗಳು ಎಷ್ಟು ಮೈಮರೆತಿವೆ ನೋಡಿ ಎಂದು ‘ವೈರ್ಡ್’ ಪತ್ರಿಕೆಯಲ್ಲಿ ಬರೆದಿದ್ದ. ನ್ಯೂಯಾರ್ಕಿನ ಒಂದು ಶಾಲೆಯ ಕಂಪ್ಯೂಟರ್ ಸೌಕರ್ಯಕ್ಕೆ ಕಂಪನಿ 3,500 ಡಾಲರ್ ಕೊಟ್ಟ ಮೇಲೆ ಹೆಸರನ್ನು ಬಿಟ್ಟುಕೊಟ್ಟ.

ಆಮೇಲಿನ ಬೆಲೆಗಳು ತಲೆ ತಿರುಗಿಸುವಂಥವು. ಬಿಸಿನೆಸ್ ಡಾಟ್ ಕಾಮ್ 1997ರಲ್ಲಿ 1.5 ಲಕ್ಷ ಡಾಲರಿಗೆ ಮಾರಾಟವಾಯಿತು, ಎರಡೇ ವರ್ಷದಲ್ಲಿ 75 ಲಕ್ಷ ಡಾಲರಿಗೆ ಕೈಬದಲಾಯಿತು. 2007ರಲ್ಲಿ ಹೋಮ್‌ಅವೇ ಕಂಪನಿ ವೆಕೇಷನ್‌ರೆಂಟಲ್ಸ್ ಹೆಸರಿಗೆ 3.5 ಕೋಟಿ ಡಾಲರ್ ಕೊಟ್ಟಿತು. ಪ್ರತಿಸ್ಪರ್ಧಿ ಎಕ್ಸ್‌ಪೀಡಿಯಾ ಕೈಗೆ ಅದು ಸಿಗಬಾರದೆಂಬುದೇ ಕಾರಣವೆಂದು ಅದರ ಮುಖ್ಯಸ್ಥರು ನಂತರ ಹೇಳಿಕೊಂಡರು. 2019ರಲ್ಲಿ ಮೈಕ್ರೋಸ್ಟ್ರಾಟಜಿ ಕಂಪನಿ ವಾಯ್ಸ್ ಡಾಟ್ ಕಾಮನ್ನು 3 ಕೋಟಿ ಡಾಲರಿಗೆ ಮಾರಿತು. ಗುಜರಾತ್ ಮೂಲದ ಧರ್ಮೇಶ್ ಶಾ 2023ರಲ್ಲಿ 1.55 ಕೋಟಿ ಡಾಲರಿಗೆ ಕೊಂಡ ಚಾಟ್ ಡಾಟ್ ಕಾಮ್ ಈಗ ಓಪನ್‌ಎಐ ಕಂಪನಿಯ ಬಳಿ ಇದೆ. ಕೆರಿಬಿಯನ್ನಿನ ಅಂಗ್ವಿಲಾ ಎಂಬ ಪುಟ್ಟ ದ್ವೀಪಕ್ಕಂತೂ ಅದೃಷ್ಟವೇ ಖುಲಾಯಿಸಿತು. ಅದರ ದೇಶಸೂಚಕ ಬಾಲ ‘ಎಐ’. ಕೃತಕ ಬುದ್ಧಿಮತ್ತೆಯ ಕಂಪನಿಗಳೆಲ್ಲ ಅದಕ್ಕೆ ಮುಗಿಬಿದ್ದು, 2023ರಲ್ಲಿ ಆ ಸರ್ಕಾರದ ಆದಾಯದ ಐದನೇ ಒಂದು ಪಾಲು ಡೊಮೈನ್ ಶುಲ್ಕದಿಂದಲೇ ಬಂತು.

ಪತ್ರಿಕೆಗಳಲ್ಲಿ ಬರುವುದು ಈ ಬೆಲೆಗಳು. ಬಾರದೇ ಇರುವುದು ಮಾರಾಟವಾಗದ ಹೆಸರುಗಳ ಲೆಕ್ಕ.

ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಂದು ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಎಂದು ಹಿಡಿಯೋಣ. ಅದರ ಮೇಲೆ ಶೇ 18ರ ಜಿಎಸ್‌ಟಿ ಬೇರೆ. ನೂರು ಹೆಸರಿಟ್ಟುಕೊಂಡವನಿಗೆ ವರ್ಷಕ್ಕೆ ಲಕ್ಷ ದಾಟಿದ ಖರ್ಚು. ಈ ವ್ಯಾಪಾರದಲ್ಲಿ ಪಳಗಿದವರೇ ಹೇಳುವ ಪ್ರಕಾರ ನೂರರಲ್ಲಿ ವರ್ಷಕ್ಕೆ ಒಂದೋ ಎರಡೋ ಹೆಸರು ಮಾರಾಟವಾದರೆ ಅದೇ ವಾಡಿಕೆಯ ಫಲ. ಆಫ್ಟರ್ನಿಕ್, ಸೆಡೊದಂಥ ಮಾರಾಟ ಕಟ್ಟೆಗಳು ದಲ್ಲಾಳಿ ಮುರಿದುಕೊಳ್ಳುತ್ತವೆ. ಅಂದರೆ ಮಾರಿದ್ದು ಒಂದೇ ಹೆಸರಾದರೆ, ಅದು ಲಕ್ಷಕ್ಕಿಂತ ಹೆಚ್ಚು ತಂದುಕೊಟ್ಟರೆ ಮಾತ್ರ ಅಸಲು ಹುಟ್ಟುತ್ತದೆ. ಹೆಸರನ್ನು ಖಾಲಿ ಬಿಡದೆ ಅಲ್ಲಿ ಜಾಹೀರಾತು ಹಾಕಿ ಬಿಡಿಕಾಸು ಗಳಿಸುವ ‘ಪಾರ್ಕಿಂಗ್’ ಪದ್ಧತಿ ಒಂದು ಕಾಲದಲ್ಲಿ ನವೀಕರಣದ ಖರ್ಚನ್ನಾದರೂ ತೂಗಿಸುತ್ತಿತ್ತು. ಜನ ವಿಳಾಸ ಟೈಪ್ ಮಾಡುವುದನ್ನು ಬಿಟ್ಟು ಗೂಗಲ್‌ನಲ್ಲಿ ಹುಡುಕಲು ಶುರುಮಾಡಿದ ಮೇಲೆ ಆ ಆದಾಯವೂ ಬತ್ತಿದೆ. ಯೂಟ್ಯೂಬ್ ವಿಡಿಯೊ ನೋಡಿ ಸಾಲ ಮಾಡಿ ಐವತ್ತು ಹೆಸರು ಕೊಳ್ಳಹೊರಟ ಹುಡುಗನಿಗೆ ಮೊದಲು ತೋರಿಸಬೇಕಾದದ್ದು ಈ ಲೆಕ್ಕವನ್ನೇ.

ಗಳಿಸುವವರು ಎಲ್ಲಿ ಗಳಿಸುತ್ತಾರೆ? ಬಹುಮಟ್ಟಿಗೆ ಬೇರೆಯವರು ಬಿಟ್ಟ ಹೆಸರಿನಲ್ಲಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ 45 ದಿನದವರೆಗೆ ಅವಕಾಶ ಕೊಡಬಹುದು. ಆನಂತರ 30 ದಿನ ಹಳೆಯ ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಯ 5 ದಿನ ಯಾರೂ ಮುಟ್ಟುವಂತಿಲ್ಲ, ಆಮೇಲೆ ಹೆಸರು ಪಟ್ಟಿಯಿಂದ ಕಳಚಿ ಬೀಳುತ್ತದೆ. ಬಿದ್ದ ಕ್ಷಣದಲ್ಲೇ ಹಿಡಿಯಲು ಜಗತ್ತಿನ ಹಲವು ಕಂಪನಿಗಳು ಕಂಪ್ಯೂಟರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುತ್ತವೆ. ಹಾಗೆ ಬೀಳುವುದಕ್ಕೂ ಮೊದಲೇ ಅನೇಕ ಹೆಸರುಗಳನ್ನು ರಿಜಿಸ್ಟ್ರಾರ್‌ಗಳೇ ಹರಾಜಿಗಿಡುತ್ತಾರೆ. ಹತ್ತಿಪ್ಪತ್ತು ವರ್ಷ ಬಳಕೆಯಲ್ಲಿದ್ದ, ಬೇರೆ ತಾಣಗಳಿಂದ ಕೊಂಡಿಗಳಿರುವ ಹೆಸರಿಗೆ ಅಲ್ಲಿ ನಿಜವಾದ ಪೈಪೋಟಿ. ತನ್ನ ತಲೆಯಿಂದ ಹೊಸ ಹೆಸರು ಹೊಸೆದು ನೋಂದಾಯಿಸಿದವನು ಈ ಪೈಪೋಟಿಯ ಹತ್ತಿರವೂ ಸುಳಿಯುವುದಿಲ್ಲ.

ಪಟ್ಟಿಯಲ್ಲಿ ಎಡವಟ್ಟೂ ಆಗುತ್ತದೆ. 2015ರ ಸೆಪ್ಟೆಂಬರ್ 29ರಂದು ಕಛ್‌ನ ಮಾಂಡವಿ ಮೂಲದ ಸನ್ಮಯ್ ವೇದ್ ಎಂಬಾತ ಗೂಗಲ್ ಡಾಟ್ ಕಾಮ್ ಹೆಸರೇ 12 ಡಾಲರಿಗೆ ಮಾರಾಟಕ್ಕಿರುವುದನ್ನು ಕಂಡು ಹಣ ಕಟ್ಟಿಬಿಟ್ಟ. ಒಂದು ನಿಮಿಷ ಅದು ಅವನದಾಗಿತ್ತು, ಅಷ್ಟರಲ್ಲಿ ಗೂಗಲ್ ವ್ಯವಹಾರ ರದ್ದುಮಾಡಿತು. ದೋಷ ತೋರಿಸಿಕೊಟ್ಟದ್ದಕ್ಕೆ 6,006.13 ಡಾಲರ್ ಬಹುಮಾನ ಕೊಟ್ಟಿತು. ಅಂಕಿಗಳನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಇಂಗ್ಲಿಷಿನ ಗೂಗಲ್ ಎಂದೇ ಕಾಣುತ್ತದೆ. ವೇದ್ ಆ ಹಣವನ್ನು ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಪ್ರತಿಷ್ಠಾನದ ಶಿಕ್ಷಣ ಕಾರ್ಯಕ್ಕೆ ಕೊಟ್ಟಾಗ ಗೂಗಲ್ ಮೊತ್ತವನ್ನು ದುಪ್ಪಟ್ಟು ಮಾಡಿತು.

ಇನ್ನು ಕಾನೂನಿನ ಗೆರೆ. ಇದನ್ನು ದಾಟಿದವನಿಗೆ ಲಾಭದ ಮಾತೇ ಇಲ್ಲ. ಸಾಮಾನ್ಯ ಪದವನ್ನು ಯಾರು ಬೇಕಾದರೂ ನೋಂದಾಯಿಸಿ ಮಾರಬಹುದು. ಇನ್ನೊಬ್ಬರ ಬ್ರ್ಯಾಂಡ್ ಹೆಸರನ್ನು ಅವರಿಗೇ ಮಾರುವ ಉದ್ದೇಶದಿಂದ ಹಿಡಿದಿಡುವುದು ‘ಸೈಬರ್ ಸ್ಕ್ವಾಟಿಂಗ್’. ಐಕ್ಯಾನ್ 1999ರಲ್ಲಿ ಜಾರಿಗೆ ತಂದ ವಿವಾದ ನೀತಿಯಡಿ ದೂರುದಾರ ಮೂರು ಸಂಗತಿ ತೋರಿಸಬೇಕು: ಹೆಸರು ತನ್ನ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಎದುರಾಳಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ನೋಂದಾಯಿಸಿ ಬಳಸಲಾಗಿದೆ. ಈ ನೀತಿಯಡಿ 2000ದ ಜನವರಿಯಲ್ಲಿ ಬಂದ ಮೊದಲ ತೀರ್ಪೇ ಕಣ್ಣು ತೆರೆಸುವಂಥದ್ದು. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಹೆಸರನ್ನು ನೋಂದಾಯಿಸಿ ಅದನ್ನು ಆ ಸಂಸ್ಥೆಗೇ 1,000 ಡಾಲರಿಗೆ ಕೊಡುತ್ತೇನೆಂದವನು ಹೆಸರನ್ನೇ ಕಳೆದುಕೊಂಡ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ 2023ರಲ್ಲಿ ಇಂಥ 6,000ಕ್ಕೂ ಹೆಚ್ಚು ದೂರು ಬಂದವು. ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯದೇ ವಿವಾದ ನೀತಿಯಿದೆ.

ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ, ಕೋರ್ಟುಗಳು ಟ್ರೇಡ್‌ಮಾರ್ಕ್ ಕಾನೂನಿನಿಂದಲೇ ದಾರಿ ಮಾಡಿಕೊಂಡಿವೆ. ವ್ಯಕ್ತಿಯ ಹೆಸರಿಗೂ ಆ ರಕ್ಷಣೆಯುಂಟು ಎಂಬುದು ಅರುಣ್ ಜೇಟ್ಲಿಯವರ ಹೆಸರಿನ ಡೊಮೈನ್ ಪ್ರಕರಣದಲ್ಲಿ 2011ರ ದಿಲ್ಲಿ ಹೈಕೋರ್ಟ್ ತೀರ್ಪಿನಿಂದ ಸ್ಪಷ್ಟವಾಯಿತು. ಆದರೆ ಅದೇ ಹೈಕೋರ್ಟ್ 2002ರಲ್ಲಿ, ಒಂದೆರಡು ಅಕ್ಷರ ವ್ಯತ್ಯಾಸದ ಎರಡು ‘ಕಬಾಡಿ ಬಜಾರ್’ ತಾಣಗಳ ಜಗಳದಲ್ಲಿ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಗುಜರಿ ಪೇಟೆ ಎಂಬರ್ಥದ ಮಾತು ಒಬ್ಬರ ಸ್ವತ್ತಲ್ಲ, ಮೋಸದ ಉದ್ದೇಶವಿದ್ದರಷ್ಟೇ ಸ್ಕ್ವಾಟಿಂಗ್ ಎಂಬುದು ಅದರ ನಿಲುವು. ಡೊಮೈನ್ ಹೂಡಿಕೆ ಎಂಬ ವ್ಯಾಪಾರಕ್ಕೆ ನಮ್ಮಲ್ಲಿ ಜಾಗ ಉಳಿದಿರುವುದು ಈ ಎರಡು ತೀರ್ಪುಗಳ ನಡುವೆ.

ಈಚಿನ ಉದಾಹರಣೆ ಎಲ್ಲರಿಗೂ ನೆನಪಿರುವುದೇ. ಜಿಯೊ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಊಹಿಸಿ ಎರಡೂ ಹೆಸರು ಸೇರಿಸಿದ ಡೊಮೈನನ್ನು ದಿಲ್ಲಿಯ ಒಬ್ಬ ಆ್ಯಪ್ ತಯಾರಕ ಮೊದಲೇ ಕೊಂಡಿದ್ದ. 2024ರ ಅಕ್ಟೋಬರಿನಲ್ಲಿ, ಕೇಂಬ್ರಿಜ್‌ನಲ್ಲಿ ಓದಲು ಹಣ ಕೊಟ್ಟರೆ ಹೆಸರು ಕೊಡುತ್ತೇನೆಂದು ಜಿಯೊದ ಒಡೆಯ ರಿಲಯನ್ಸ್‌ಗೆ ಬಹಿರಂಗ ಮನವಿ ಮಾಡಿಕೊಂಡ. ಹಣ ಬರಲಿಲ್ಲ, ಕಾನೂನು ಕ್ರಮದ ಎಚ್ಚರಿಕೆ ಬಂತು. ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯಿತು, ಅವರು ಕಂಪನಿಗೆ ಉಚಿತವಾಗಿಯೇ ಬಿಟ್ಟುಕೊಡುವುದಾಗಿ ಬರೆದರು. ಆ ಯುವಕನ ಊಹೆ ಅಕ್ಷರಶಃ ನಿಜವಾಗಿತ್ತು. ಆದರೂ ಎರಡೂ ಪದ ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಊಹೆಗೆ ಬೆಲೆ ಹುಟ್ಟಲಿಲ್ಲ.

ಈ ಎಲ್ಲದರಲ್ಲಿ ನಮ್ಮ ಗದಗ ಸೀಮೆಯವರಿಗೆ ಏನಿದೆ? ಹೆಸರಿನ ದಂಧೆಯ ಮೊದಲ ಪರೀಕ್ಷೆಯನ್ನೇ ಇಲ್ಲಿನ ಊರುಗಳಿಗೆ ಹಚ್ಚಿ ನೋಡಬಹುದು. ಬಾಯಲ್ಲಿ ಹೇಳಿದ ಹೆಸರನ್ನು ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ ಎಂಬುದು ಆ ಪರೀಕ್ಷೆ. ಅಂತೂರ ಬೆಂತೂರ ಎಂದು ಕನ್ನಡದಲ್ಲಿ ಬರೆಯಲು ಯಾರಿಗೂ ತಕರಾರಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಹೋದರೆ ‘ತೂ’ಗೆ ಟಿ ಒಂದೇ ಸಾಕೋ, ಎಚ್ ಕೂಡ ಬೇಕೋ? ದೀರ್ಘಕ್ಕೆ ಯು ಒಂದೋ, ಓ ಎರಡೋ? ಕೊನೆಗೆ ಎ ಬೇಕೋ ಬೇಡವೋ? ಎರಡು ಊರಿನ ನಡುವೆ ಅಡ್ಡಗೆರೆಯೋ? ಬೆಟಗೇರಿಯ ನಡುವಿನ ಎ ಒಂದು ಬೋರ್ಡಿನಲ್ಲಿದೆ, ಇನ್ನೊಂದರಲ್ಲಿಲ್ಲ. ಮುಂಡರಗಿ ಮತ್ತು ಶಿರಹಟ್ಟಿ ಮುಂಬೈ ಪ್ರಾಂತ್ಯದ ಕಾಲದ ಬರವಣಿಗೆಯಲ್ಲಿ ಒಂದೊಂದು ಸ್ವರ ಕಳೆದುಕೊಂಡಿವೆ. ಲಕ್ಷ್ಮೇಶ್ವರವನ್ನು ಕೆ-ಎಸ್-ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕಿ ಬರೆಯುವವರಿದ್ದಾರೆ. ಊರ ಹೆಸರಿನ ಒಂದು ರೂಪ ಕೊಂಡು ಮಾರಲು ಕೂತವನ ಪಕ್ಕದಲ್ಲೇ ಉಳಿದ ನಾಲ್ಕೈದು ರೂಪಗಳು ಸಾವಿರ ರೂಪಾಯಿಗೆ ಸಿಗುತ್ತಿದ್ದರೆ ದೊಡ್ಡ ಬೆಲೆ ಯಾರು ಕೊಟ್ಟಾರು? ನೋಂದಾಯಿಸಿ ಕಾಯುವವನಿಗೆ ಇಲ್ಲಿ ಲಾಭವಿಲ್ಲ.

ನಷ್ಟ ಆಗುವುದು ಮಾತ್ರ ಬೇರೊಬ್ಬರಿಗೆ. ಬೆಟಗೇರಿಯ ನೇಕಾರ, ಗದಗದ ಮುದ್ರಕ, ಮೆಣಸಿನಕಾಯಿ ವ್ಯಾಪಾರಿ ತಮ್ಮ ಅಂಗಡಿ ಹೆಸರನ್ನು ಸಾವಿರ ರೂಪಾಯಿ ಕೊಟ್ಟು ಹಿಡಿದಿಡದಿದ್ದರೆ ನಾಳೆ ಅದನ್ನು ಬಿಡಿಸಿಕೊಳ್ಳುವ ಖರ್ಚು ದೊಡ್ಡದು. ಜಿನೀವಾದ ಸಂಸ್ಥೆಗೆ ಒಬ್ಬ ತೀರ್ಪುಗಾರನ ಮುಂದೆ ದೂರು ಕೊಡುವ ಶುಲ್ಕವೇ 1,500 ಡಾಲರ್, ವಕೀಲರದು ಬೇರೆ. ಊರಿನ ಸರಕಿಗಿರುವ ಭೌಗೋಳಿಕ ಸೂಚಿ (ಜಿಐ) ಕಾಪಾಡುತ್ತದೆಂದು ನಂಬಿ ಕೂರುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಆ ಸೂಚಿ ಸಿಕ್ಕಿತು. ಅದೇ ವರ್ಷ ಫ್ರಾನ್ಸಿನ ಶಾಂಪೇನ್ ಬೆಳೆಗಾರರ ಪ್ರಬಲ ಒಕ್ಕೂಟ, ಶಾಂಪೇನ್ ಹೆಸರಿನ ಡಾಟ್ ಸಿಓ ಡೊಮೈನಿಗಾಗಿ ದೂರು ಕೊಟ್ಟು ಸೋತಿತು. ಭೌಗೋಳಿಕ ಸೂಚಿ ಇದ್ದಮಾತ್ರಕ್ಕೆ ಅದು ಟ್ರೇಡ್‌ಮಾರ್ಕ್ ಆಗುವುದಿಲ್ಲ ಎಂಬುದು ಅಲ್ಲಿ ಬಂದ ಉತ್ತರ. ಅಷ್ಟು ದೊಡ್ಡ ಒಕ್ಕೂಟದ ಗತಿಯೇ ಹೀಗಾದರೆ, ಬ್ಯಾಡಗಿಯನ್ನು ಮೂರು ನಾಲ್ಕು ಥರ ಇಂಗ್ಲಿಷಿನಲ್ಲಿ ಬರೆಯುವ ನಮ್ಮ ರೈತರ ಸಂಘಗಳು ಇನ್ನಷ್ಟು ಮುಂಜಾಗ್ರತೆ ವಹಿಸಬೇಕು.

ಕಾಗುಣಿತದ ಈ ಗೋಜಲಿಗೆ ನೇರ ಪರಿಹಾರ ಕನ್ನಡ ಲಿಪಿಯ ಡೊಮೈನ್. ಅದು ಸಾಧ್ಯವಾಗಿದೆ ಕೂಡ. ‘ಡಾಟ್ ಭಾರತ’ ಎಂಬ ಬಾಲ ದೇವನಾಗರಿಯಲ್ಲಿ 2014ರಲ್ಲಿ ಬಂತು, ಮುಂದೆ ಕನ್ನಡಕ್ಕೂ ಸಿಕ್ಕಿತು. ಒಳಗಿನ ಯಂತ್ರ ಮಾತ್ರ ಇನ್ನೂ ಇಂಗ್ಲಿಷ್ ಅಕ್ಷರವನ್ನೇ ಬಲ್ಲುದು. ಕನ್ನಡದ ‘ಭಾರತ’ ಅದರ ಪಟ್ಟಿಯಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ ಎಂಬ ಸಂಕೇತ ರೂಪದಲ್ಲಿ ಕೂತಿರುತ್ತದೆ. ಬ್ರೌಸರ್ ಅದನ್ನು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಕನ್ನಡ ಮತ್ತು ತೆಲುಗಿನ ಅನೇಕ ಅಕ್ಷರಗಳು ಕಣ್ಣಿಗೆ ಒಂದೇ ಥರ ಕಾಣುವುದರಿಂದ ಒಂದರ ಹೆಸರಿನಲ್ಲಿ ಇನ್ನೊಂದು ನುಸುಳದಂತೆ, ಬಾಲದ ಮಟ್ಟದ ಹೆಸರುಗಳಿಗೆ ಐಕ್ಯಾನ್ ಅಡಿಯ ತಜ್ಞರ ತಂಡವೊಂದು ನಿಯಮಗಳನ್ನೇ ರೂಪಿಸಿದೆ. 1996ರಲ್ಲೇ ‘ವಿಶ್ವಕನ್ನಡ’ ಅಂತರ್ಜಾಲ ಪತ್ರಿಕೆ ಶುರುಮಾಡಿದ ಯು.ಬಿ. ಪವನಜರಂಥವರು ಇಂಗ್ಲಿಷ್ ಅಕ್ಷರದ ವಿಳಾಸದಲ್ಲೇ ಕನ್ನಡವನ್ನು ಜಾಲಕ್ಕೆ ಏರಿಸಬೇಕಾಗಿತ್ತು. ಈಗ ಆ ನಿರ್ಬಂಧವಿಲ್ಲ.

ಹೂಡಿಕೆದಾರರು ಮಾತ್ರ ಈ ಕಡೆ ಸುಳಿದಿಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ. ಮರುಮಾರಾಟಕ್ಕೆ ಕೊಳ್ಳುವವರು ಬೇಕು, ಕೊಳ್ಳುವವರಿಗೆ ಓದುಗರು ಬೇಕು. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ಇಂದಿಗೂ ತಿರಸ್ಕರಿಸುತ್ತವೆ, ವಿಳಾಸವನ್ನು ಕನ್ನಡದಲ್ಲಿ ಟೈಪಿಸುವ ರೂಢಿ ನಮಗೇ ಬಂದಿಲ್ಲ. ಹಾಗಾಗಿ ಒಳ್ಳೊಳ್ಳೆಯ ಕನ್ನಡ ಪದಗಳು ಕೇಳುವವರಿಲ್ಲದೆ ಬಿದ್ದಿವೆ. ಇದು ದಂಧೆ ಮಾಡುವವರಿಗೆ ಬರಡು. ಶಾಲೆ, ಗ್ರಂಥಾಲಯ, ಮಠ, ಸಂಘ-ಸಂಸ್ಥೆಗಳಿಗೆ ಅಪರೂಪದ ಅವಕಾಶ. ಊರ ಹೆಸರನ್ನು ಊರ ಲಿಪಿಯಲ್ಲಿ, ದಲ್ಲಾಳಿಗೆ ಬಿಡಿಕಾಸು ಕೊಡದೆ ಪಡೆಯುವ ಕಾಲ ಇದು. ಬೇಡಿಕೆ ಬಂದ ದಿನ ಈ ಕಾಲ ಇರುವುದಿಲ್ಲ.

ಹೆಸರನ್ನು ಮಾರುಕಟ್ಟೆಗೇ ಬಿಡದೆ ಬೇಲಿ ಹಾಕಿದ ಉದಾಹರಣೆಯೂ ಒಂದಿದೆ. ನಕಲಿ ಬ್ಯಾಂಕ್ ತಾಣಗಳ ಹಾವಳಿ ತಡೆಯಲು ರಿಸರ್ವ್ ಬ್ಯಾಂಕ್ 2025ರಲ್ಲಿ ದೇಶದ ಬ್ಯಾಂಕುಗಳೆಲ್ಲ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಬಾಲಕ್ಕೆ ಬದಲಾಗಬೇಕೆಂದು ಆದೇಶಿಸಿತು. ಅದನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ, ಪಡೆಯುವ ಅರ್ಹತೆ ಬ್ಯಾಂಕುಗಳಿಗೆ ಮಾತ್ರ. ಪಟ್ಟಣ ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಗದಗ ಜಿಲ್ಲೆಯಲ್ಲಿ ಸಹಕಾರಿ ಬ್ಯಾಂಕಿನ ಗ್ರಾಹಕರು ಈ ಬದಲಾವಣೆಯನ್ನು ಗುರುತಿಟ್ಟುಕೊಳ್ಳಲೇಬೇಕು. ಬ್ಯಾಂಕಿನ ಹೆಸರು ಹೇಳಿಕೊಂಡು ಬಂದ ಕೊಂಡಿಯಲ್ಲಿ ಡೊಮೈನ್ ಹೆಸರಿನ ಕೊನೆಗೆ ಆ ಬಾಲವಿಲ್ಲದಿದ್ದರೆ ಒತ್ತುವ ಮೊದಲು ಶಾಖೆಗೊಂದು ಫೋನ್ ಮಾಡುವುದು ಒಳಿತು.

ಇನ್ನೊಂದು ಸಂಗತಿ ಸಣ್ಣದಾಗಿ ಕಂಡರೂ ಸಣ್ಣ ಊರಿನ ಅಂಗಡಿಗಳನ್ನು ಹೆಚ್ಚಾಗಿ ಕಾಡುವುದು ಅದೇ. ವೆಬ್‌ಸೈಟ್ ಮಾಡಿಕೊಡುವ ಹುಡುಗ ಡೊಮೈನನ್ನು ತನ್ನ ಹೆಸರಿಗೆ, ತನ್ನ ಇಮೇಲಿಗೆ ನೋಂದಾಯಿಸಿರುತ್ತಾನೆ. ನವೀಕರಣದ ನೆನಪೋಲೆ ಹೋಗುವುದೂ ಅವನಿಗೇ. ಅವನು ಕೆಲಸ ಹುಡುಕಿ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಅವಧಿ ಮುಗಿದದ್ದು ಅಂಗಡಿಯವರಿಗೆ ತಿಳಿಯುವಷ್ಟರಲ್ಲಿ ಹೆಸರು ಹರಾಜಿನಲ್ಲಿರುತ್ತದೆ. ರಿಜಿಸ್ಟ್ರಾರ್ ಖಾತೆ ಅಂಗಡಿ ಮಾಲೀಕರ ಇಮೇಲಿನಲ್ಲಿರಬೇಕು, ಫೋನ್ ಸಂಖ್ಯೆ ಅವರದಾಗಿರಬೇಕು, ಹಣವನ್ನು ಒಂದೇ ಸಲ ಐದು ಹತ್ತು ವರ್ಷಕ್ಕೆ ಕಟ್ಟಬಹುದು. ಈ ಮೂರನ್ನೂ ಪರೀಕ್ಷಿಸಲು ಹತ್ತು ನಿಮಿಷ ಸಾಕು, ಅವಧಿ ಇನ್ನೂ ಬಾಕಿ ಇರುವಾಗಲೇ.